ಬಳಚು, ಕಾಂಡ್ಲಾ, ಕೊಳೆರೋಗ: ಜೀವವಿಜ್ಞಾನದ ಅಧ್ಯಯನಕ್ಕೆ ಯಾವ ಲೆಕ್ಕ, ಯಾವ ಡಿಎನ್‌ಎ ವಿಧಾನ, ಯಾವ ತಂತ್ರಾಂಶ?

ಅಘನಾಶಿನಿ ಅಳಿವೆಯಲ್ಲಿ ಬಳಚು (ಕೆಸರಿನಲ್ಲಿ ಹೂತಿರುವ ಚಿಪ್ಪಿನ ಜೀವಿ) ಎಣಿಸುವ ಕೆಲಸ ಎಂದುಕೊಳ್ಳಿ. ಕೈಯಲ್ಲಿರುವುದು ಅಮಾವಾಸ್ಯೆಯ ಆಸುಪಾಸಿನ ನಾಲ್ಕು ಇಳಿತ, ಇಬ್ಬರು ಸಹಾಯಕರು, ಒಟ್ಟು 30 ಚೌಕಟ್ಟು ಹಾಕಿ ಕೆಸರು ಜರಡಿ ಹಿಡಿಯುವಷ್ಟು ತ್ರಾಣ. ಈ ಮೂವತ್ತನ್ನು ಮೂರು ಜಾಗಗಳಲ್ಲಿ ಹತ್ತು ಹತ್ತರಂತೆ ಹಾಕಬಹುದು. ತದಡಿ, ಮಿರ್ಜಾನ, ಮಾಸೂರು, ಐಗಳಕುರ್ವೆ ಎಂದು ಹತ್ತು ಜಾಗ ಹುಡುಕಿ ಮೂರು ಮೂರರಂತೆಯೂ ಹಾಕಬಹುದು. ದೋಣಿ ಬಾಡಿಗೆ, ಮೊಣಕಾಲುದ್ದ ಕೆಸರಿನ ನಡಿಗೆ ಲೆಕ್ಕ ಹಾಕಿದರೆ ಮೊದಲನೆಯದೇ ಸಲೀಸು. ಸಂಖ್ಯಾಶಾಸ್ತ್ರದ ಲೆಕ್ಕ ಹಾಕಿದರೆ ಎರಡನೆಯದು.

ಒಂದೇ ದಿಬ್ಬದ ಮೇಲೆ ನಾಲ್ಕು ಮಾರು ಅಂತರದಲ್ಲಿ ಹಾಕಿದ ಎರಡು ಚೌಕಟ್ಟುಗಳು ಒಂದನ್ನೊಂದು ಹೋಲುತ್ತವೆ. ನೀರಿನ ಉಪ್ಪು ಅದೇ, ಮರಳಿನ ಕಣ ಅದೇ, ಕಳೆದ ವಾರ ಅಲ್ಲಿ ಬಳಚು ಹೆಕ್ಕಿದ ಕೈಗಳೂ ಅವೇ. ಈ ಹೋಲಿಕೆಯನ್ನು ಅಳೆಯುವ ಸಂಖ್ಯೆಗೆ ಐಸಿಸಿ ಎನ್ನುತ್ತಾರೆ. 0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಪಡಿಯಚ್ಚು. ಅದು 0.4 ಇದೆ ಎಂದಿಟ್ಟುಕೊಂಡು ಒಂದು ಸಣ್ಣ ಭಾಗಾಕಾರ ಮಾಡಿ ನೋಡಿ. ಜಾಗಕ್ಕೆ ಹಾಕಿದ ಚೌಕಟ್ಟಿನ ಸಂಖ್ಯೆಯಲ್ಲಿ ಒಂದು ಕಳೆದು, ಐಸಿಸಿಯಿಂದ ಗುಣಿಸಿ, ಒಂದು ಕೂಡಿಸಬೇಕು. ಬಂದದ್ದರಿಂದ ಒಟ್ಟು ಚೌಕಟ್ಟನ್ನು ಭಾಗಿಸಬೇಕು. ಮೂರು ಜಾಗದಲ್ಲಿ ಹತ್ತು ಹತ್ತಾದರೆ 1 + 9 × 0.4 = 4.6, 30ನ್ನು ಭಾಗಿಸಿದರೆ ಸುಮಾರು 6.5. ಹತ್ತು ಜಾಗದಲ್ಲಿ ಮೂರು ಮೂರಾದರೆ 1 + 2 × 0.4 = 1.8, ಭಾಗಿಸಿದರೆ ಸುಮಾರು 16.7. ಅಷ್ಟೇ ಕೆಸರು, ಅಷ್ಟೇ ಬೆವರು, ಆದರೆ ಒಂದರಲ್ಲಿ ಆರೂವರೆ ಅಳತೆಯ ಬೆಲೆ, ಇನ್ನೊಂದರಲ್ಲಿ ಹದಿನಾರಕ್ಕೂ ಮಿಕ್ಕಿದ ಬೆಲೆ.

ಕಾರವಾರದಲ್ಲಿ ಕಡಲಜೀವಶಾಸ್ತ್ರ ಓದುವವರಾಗಲಿ, ಶಿರಸಿಯಲ್ಲಿ ಅರಣ್ಯಶಾಸ್ತ್ರ ಓದುವವರಾಗಲಿ ಮೊದಲು ಕೇಳುವ ಪ್ರಶ್ನೆ ‘ಆರ್ ಕಲಿಯಲೋ ಎಸ್‌ಪಿಎಸ್‌ಎಸ್ ಸಾಕೋ’, ‘16ಎಸ್ ಮಾಡಿಸಲೋ ಶಾಟ್‌ಗನ್ ಮಾಡಿಸಲೋ’. ಮೊದಲೆರಡು ಲೆಕ್ಕದ ತಂತ್ರಾಂಶ, ಕೊನೆಯೆರಡು ಡಿಎನ್‌ಎ ಓದುವ ವಿಧಾನ. ಅವೆಲ್ಲ ಆಮೇಲಿನ ಮಾತು. ಒಂದಕ್ಕೊಂದು ಅಂಟಿಕೊಳ್ಳದ ಅಳತೆ ನಿಮ್ಮಲ್ಲಿ ಎಷ್ಟಿವೆ ಎಂಬುದು ಮೊದಲ ಮಾತು. ದುಡ್ಡು ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವುದೂ ಅದೇ. ಮುಂದಿನ ಹೋಲಿಕೆಗಳನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ತೋಟದಲ್ಲಿ ಈ ತಪ್ಪು ಇನ್ನೂ ಸುಲಭವಾಗಿ ಆಗುತ್ತದೆ. ಒಬ್ಬರ ತೋಟದ 20 ಅಡಿಕೆ ಮರಕ್ಕೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದು, ಪಕ್ಕದವರ ತೋಟದ 20 ಮರಕ್ಕೆ ಹೊಡೆಯದೆ, ಉದುರಿದ ಕಾಯಿ ಎಣಿಸಿದರೆ ಅದು 20ಕ್ಕೆ 20 ಅಲ್ಲ, ಒಂದಕ್ಕೆ ಒಂದು. ವ್ಯತ್ಯಾಸ ಬಂದದ್ದು ಔಷಧಿಯಿಂದಲೋ, ಆ ತೋಟದ ಬಸಿಗಾಲುವೆಯಿಂದಲೋ, ನೆರಳಿನಿಂದಲೋ ಹೇಳಲು ಯಾವ ತಂತ್ರಾಂಶಕ್ಕೂ ಬರುವುದಿಲ್ಲ. ಹರ್ಲ್‌ಬರ್ಟ್ 1984ರಲ್ಲಿ ಈ ತಪ್ಪಿಗೆ ಹೆಸರಿಟ್ಟರು. ಕನ್ನಡದಲ್ಲಿ ಹುಸಿ ರೆಪ್ಲಿಕೇಶನ್ ಎನ್ನಬಹುದು. ಪರಿಹಾರ ಕಷ್ಟದ್ದಲ್ಲ. ಎಂಟು ತೋಟ ಆರಿಸಿ, ಪ್ರತಿ ತೋಟದೊಳಗೂ ಬೋರ್ಡೋ ಹೊಡೆದ ಕೊನೆ (ಅಡಿಕೆ ಗೊಂಚಲು), ಕೊಟ್ಟೆ (ಹೊದಿಕೆ) ಕಟ್ಟಿದ ಕೊನೆ, ಏನೂ ಮಾಡದ ಕೊನೆ ಮೂರೂ ಇರುವಂತೆ ಚೀಟಿ ಎತ್ತಿ ಹಂಚಿ. ತೋಟವೇ ಬ್ಲಾಕ್, ಎಂದರೆ ಹೋಲಿಕೆ ನಡೆಯುವುದು ಒಂದೇ ತೋಟದೊಳಗೆ. ಯಾವ ತೋಟಕ್ಕೆ ಯಾವ ಕೊನೆಗೌಡ (ಮರ ಹತ್ತುವವ) ಹತ್ತಿದ ಎಂದೂ ಬರೆದಿಡಿ. ಸಿಂಪಡಣೆ ಕೊನೆಯ ಹಿಂಬದಿಗೂ ತಲುಪಿತೇ ಎಂಬುದು ಹತ್ತಿದವನ ಕೈಯಲ್ಲಿರುತ್ತದೆ.

ಋತುವಿನ ವಿಷಯವೂ ಹಾಗೇ. ಕಾಳಿ ಅಳಿವೆಯಲ್ಲಿ ಒಂದು ವರ್ಷ ಸ್ಯಾಂಪಲ್ ತೆಗೆದರೆ ಮಳೆಗಾಲ ಸಿಗುವುದು ಒಂದೇ. ಅದರಲ್ಲಿ ಐವತ್ತು ಬಾಟಲಿ ನೀರು ತುಂಬಿದರೂ ‘ಮಳೆಗಾಲದಲ್ಲಿ ಹೀಗಾಗುತ್ತದೆ’ ಎನ್ನಲು ಆಗದು. ‘ಆ ಮಳೆಗಾಲದಲ್ಲಿ ಹೀಗಾಯಿತು’ ಎನ್ನಬಹುದು. ಅದರ ಮೇಲೆ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ಕೆಳಗೆ ಉಪ್ಪಿನಂಶ ತಿಂಗಳ ಹೆಸರನ್ನು ಕೇಳುವುದಿಲ್ಲ. ಹಾಗಾಗಿ ಋತುವನ್ನು ಗುಂಪಿನ ಹೆಸರಾಗಿ ಹಾಕುವುದಕ್ಕಿಂತ ಪ್ರತಿ ಸ್ಯಾಂಪಲ್ಲಿನ ಜೊತೆಗೂ ರಿಫ್ರ್ಯಾಕ್ಟೋಮೀಟರಿನಲ್ಲಿ ಉಪ್ಪು ಅಳೆದು ಅದನ್ನೇ ಲೆಕ್ಕದ ಮಾದರಿಗೆ (ಮಾಡೆಲ್) ಕೊಡುವುದು ಮೇಲು. ಟ್ರಾಲ್ ದೋಣಿಯ ಮೀನು ನಂಬಿದವರು ಜೂನ್ 1ರಿಂದ ಜುಲೈ 31ರ ನಿಷೇಧವನ್ನೂ ಯೋಜನೆಯಲ್ಲಿ ಮೊದಲೇ ಬರೆದುಕೊಳ್ಳಬೇಕು. ಆ ಎರಡು ತಿಂಗಳ ಖಾಲಿ ಸಾಲು ಸೊನ್ನೆ ಅಲ್ಲ, ಅಳತೆಯೇ ಇಲ್ಲದ್ದು.

ಎಣಿಕೆಗೆ ಯಾವ ಪರೀಕ್ಷೆ: ಟಿ-ಟೆಸ್ಟ್, ಲಾಗ್, ರ‍್ಯಾಂಕ್, ಇಲ್ಲ ನೆಗೆಟಿವ್ ಬೈನಾಮಿಯಲ್?

ಬಳಚು, ಏಡಿ, ಕಾಂಡ್ಲಾ (ಮ್ಯಾಂಗ್ರೋವ್) ಸಸಿ, ಎಲೆಯ ಮೇಲಿನ ಚುಕ್ಕೆ ಎಲ್ಲವೂ ಗುಂಪುಗುಂಪಾಗಿ ಇರುವಂಥವು. 25 × 25 ಸೆಂ.ಮೀ. ಚೌಕಟ್ಟಿನಲ್ಲಿ ಹತ್ತು ಎಣಿಕೆ ಹೀಗೆ ಬಂದವು ಎನ್ನಿ: 0, 0, 3, 1, 27, 0, 2, 41, 0, 6. ಸರಾಸರಿ 8. ವೇರಿಯನ್ಸ್ (ಚದುರುವಿಕೆಯ ಅಳತೆ) ಸುಮಾರು 202, ಎಂದರೆ ಸರಾಸರಿಯ 25 ಪಟ್ಟು.

ಟಿ-ಟೆಸ್ಟ್ ಈ ಹತ್ತನ್ನು ಗಂಟೆಯಾಕಾರದ ಹರಡುವಿಕೆ ಎಂದುಕೊಳ್ಳುತ್ತದೆ. ಸ್ಟ್ಯಾಂಡರ್ಡ್ ಡೀವಿಯೇಶನ್ 14 ದಾಟಿರುವುದರಿಂದ ಅದರ ಕಣ್ಣಿಗೆ ಮೈನಸ್ 20 ಬಳಚು ಇರುವ ಚೌಕಟ್ಟೂ ಸಹಜವೇ. ಲಾಗ್ ತೆಗೆದುಕೊಂಡರೆ ಚಿತ್ರ ಚಂದವಾಗುತ್ತದೆ, ಆದರೆ ಅರ್ಥ ಬದಲಾಗುತ್ತದೆ. ಮೇಲಿನ ಹತ್ತಕ್ಕೂ ಒಂದು ಕೂಡಿಸಿ, ಲಾಗ್ ತೆಗೆದು, ಸರಾಸರಿ ಮಾಡಿ, ಮರಳಿ ತಿರುಗಿಸಿದರೆ ಬರುವುದು 8 ಅಲ್ಲ, 2.4. ಬುಟ್ಟಿ ಹಿಡಿದು ಅಳಿವೆಗೆ ಇಳಿಯುವ ಹೆಂಗಸಿಗೆ ಸಿಗುವುದು 8ರ ಲೆಕ್ಕದ ಬಳಚು. ವರದಿಯಲ್ಲಿ 2.4 ಬರೆದರೆ ಅಳಿವೆಯ ಸಂಪತ್ತಿನ ಮೂರರಲ್ಲಿ ಎರಡು ಪಾಲಿಗೂ ಹೆಚ್ಚನ್ನು ಅಳಿಸಿ ಹಾಕಿದಂತೆ. ಮೀನುಗಾರಿಕೆಯ ತೀರ್ಮಾನಕ್ಕೆ ಹೋಗುವ ಅಂಕಿ ಇದಾದರೆ ಈ ತಪ್ಪು ಸಣ್ಣದಲ್ಲ.

ಮನ್-ವಿಟ್ನಿಯಂಥ ರ‍್ಯಾಂಕ್ ಪರೀಕ್ಷೆ ಮೋಸ ಮಾಡುವುದಿಲ್ಲ, ಆದರೆ ಮಾತೂ ಕಡಿಮೆ. ಯಾವ ಗುಂಪು ದೊಡ್ಡದು ಎಂದಷ್ಟೇ ಹೇಳುತ್ತದೆ. ಉಪ್ಪು, ಮರಳಿನ ಕಣ, ಜಾಗ ಇವನ್ನೆಲ್ಲ ಒಟ್ಟಿಗೆ ತೂಗಲು ಅದಕ್ಕೆ ಆಗುವುದಿಲ್ಲ. ಎರಡೇ ಗುಂಪು, ಅಂಟಿಕೊಳ್ಳದ ಅಳತೆಗಳು, ಬೇರೆ ಏನೂ ಗೊಂದಲವಿಲ್ಲ ಎಂದಾದರೆ ಅದೇ ಸಾಕು.

ಉಳಿದ ಎಲ್ಲದಕ್ಕೂ ನಮ್ಮ ಆಯ್ಕೆ ಗುಂಪುಗೂಡಿದ ಎಣಿಕೆಗೆ ಹೊಂದುವ ನೆಗೆಟಿವ್ ಬೈನಾಮಿಯಲ್ ಮಾದರಿ, ಜಾಗವನ್ನು ರ‍್ಯಾಂಡಮ್ ಪರಿಣಾಮವಾಗಿ (ಒಂದೇ ಜಾಗದ ಅಳತೆಗಳ ಹೋಲಿಕೆಯನ್ನು ಲೆಕ್ಕಕ್ಕೆ ತರುವಂತೆ) ಸೇರಿಸಿ. ಆರ್ ಭಾಷೆಯಲ್ಲಿ ಗ್ಲಿಮ್‌ಟಿಎಂಬಿ ಎಂಬ ಪ್ಯಾಕೇಜು ಇದನ್ನು ಮಾಡುತ್ತದೆ. ಎರಡು ಕಡೆ ಜನ ಎಡವುತ್ತಾರೆ. ಒಂದು, ಚದರ ಮೀಟರಿಗೆ ಇಷ್ಟು ಎಂದು ಮೊದಲೇ 16ರಿಂದ ಗುಣಿಸಿಬಿಡುವುದು. ಆಗ 27 ಬಳಚು 432 ಆಗುತ್ತದೆ, ಮಾದರಿ ನಿಜವಾಗಿಯೂ 432 ಎಣಿಸಲಾಗಿದೆ ಎಂದು ನಂಬುತ್ತದೆ. ವೇರಿಯನ್ಸ್ ಸರಾಸರಿಯ 25 ಪಟ್ಟು ಇದ್ದದ್ದು 400 ಪಟ್ಟಿಗೆ ಏರುತ್ತದೆ. ಎಣಿಸಿದ ಸಂಖ್ಯೆಯನ್ನೇ ಕೊಟ್ಟು, ಚೌಕಟ್ಟಿನ ವಿಸ್ತೀರ್ಣದ ಲಾಗನ್ನು ಆಫ್‌ಸೆಟ್ ಆಗಿ ಕೊಡಬೇಕು. ಎರಡು, ಸೊನ್ನೆ ಜಾಸ್ತಿ ಕಂಡ ಕೂಡಲೇ ‘ಜೀರೋ ಇನ್‌ಫ್ಲೇಟೆಡ್’ ಮಾದರಿಗೆ ಓಡುವುದು. ಮೇಲಿನ ಹತ್ತರಲ್ಲಿ ನಾಲ್ಕು ಸೊನ್ನೆ ಇವೆ. ಸರಾಸರಿ 8, ಗುಂಪುಗೂಡುವಿಕೆಯ ಅಳತೆ ಸುಮಾರು 0.33 ಇಟ್ಟು ಸಾದಾ ನೆಗೆಟಿವ್ ಬೈನಾಮಿಯಲ್‌ನಲ್ಲೇ ಲೆಕ್ಕ ಹಾಕಿದರೆ ಹತ್ತರಲ್ಲಿ ಮೂರೂವರೆ ಸೊನ್ನೆ ತಾನಾಗಿ ಬರುತ್ತವೆ. ಹೆಚ್ಚುವರಿ ಸೊನ್ನೆಗೆ ಬೇರೆ ಕಥೆ ಕಟ್ಟುವ ಅಗತ್ಯವೇ ಇಲ್ಲ. ಮಾದರಿ ಕೂತಿತೋ ಇಲ್ಲವೋ ನೋಡಲು ಡಾರ್ಮಾ ಪ್ಯಾಕೇಜಿನ ಉಳಿಕೆಗಳ ಚಿತ್ರ ಒಮ್ಮೆ ತೆಗೆಯಿರಿ.

ಕೊಳೆರೋಗ, ಎಲೆಚುಕ್ಕೆಯ ದತ್ತಾಂಶ ಬೇರೆ ಜಾತಿಯದು. ಒಂದು ಕೊನೆಯಲ್ಲಿ ಇದ್ದ ಕಾಯಿ ಇಷ್ಟು, ಉದುರಿದ್ದು ಇಷ್ಟು ಎಂದಿದ್ದರೆ ಅದು ಬೈನಾಮಿಯಲ್. ಶೇಕಡಾವಾರು ಮಾಡಿ ಆರ್ಕ್‌ಸೈನ್ ಹಾಕುವ ಹಳೆಯ ರೂಢಿ ಕೃಷಿ ಪ್ರಬಂಧಗಳಲ್ಲಿ ಇನ್ನೂ ಇದೆ. 400 ಕಾಯಿಯಲ್ಲಿ 40 ಉದುರಿದ್ದೂ 10ರಲ್ಲಿ 1 ಉದುರಿದ್ದೂ ಅದಕ್ಕೆ ಒಂದೇ, ಬೈನಾಮಿಯಲ್ ಮಾದರಿಗೆ ಅಲ್ಲ. ಎಲೆಚುಕ್ಕೆಗೆ 0ರಿಂದ 5ರ ದರ್ಜೆ ಕೊಟ್ಟಿದ್ದರೆ, ದರ್ಜೆಗಳನ್ನು ಕೂಡಿಸಿ ರೋಗ ಸೂಚ್ಯಂಕ ತೆಗೆಯುವುದು ರೈತರಿಗೆ ಹೇಳಲು ಒಳ್ಳೆಯದು. ಪರೀಕ್ಷೆಗೆ ಮಾತ್ರ ಮೂಲ ದರ್ಜೆಯನ್ನೇ ಆರ್ಡಿನಲ್ ಮಾದರಿಗೆ ಕೊಡಿ. 1ರಿಂದ 2ಕ್ಕೂ 4ರಿಂದ 5ಕ್ಕೂ ಇರುವ ದೂರ ಒಂದೇ ಅಲ್ಲ.

ತಂತ್ರಾಂಶ

ಎಕ್ಸೆಲ್ ದತ್ತಾಂಶ ತುಂಬಲು ಒಳ್ಳೆಯದು, ಲೆಕ್ಕಕ್ಕೆ ಅಲ್ಲ. ತುಂಬುವಾಗಲೂ ಎಚ್ಚರ ಬೇಕು. ಮೂರನೇ ಸಾಲಿನ ಐದನೇ ಚೌಕಟ್ಟಿಗೆ 3-5 ಎಂದು ಬರೆದರೆ ಅದು ‘3 ಮೇ’ ಆಗಿ ಕೂರುತ್ತದೆ, ಮತ್ತೆ ಸಂಖ್ಯೆ ಮಾಡಹೊರಟರೆ ನಲವತ್ತು ಸಾವಿರದ ಮೇಲಿನ ಯಾವುದೋ ಅಂಕಿ. ವಂಶವಾಹಿಗಳ ಹೆಸರಿಗೂ ಇದೇ ಗತಿ: ಸೆಪ್ಟ್2, ಮಾರ್ಚ್1 ಎಂಬ ಮನುಷ್ಯನ ಜೀನುಗಳು ತಾರೀಕಾಗಿ ಮಾರ್ಪಟ್ಟು ಎಷ್ಟೋ ಪ್ರಕಟಿತ ಪಟ್ಟಿಗಳು ಕೆಟ್ಟವು. 2020ರಲ್ಲಿ ಜೀನುಗಳ ಹೆಸರನ್ನೇ ಬದಲಿಸಬೇಕಾಯಿತು. ಟೈಪು ಮಾಡುವ ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್ ಮಾಡಿ, ಗುರುತನ್ನು ‘ಟಿ03ಕ್ಯೂ05’ ಎಂಬಂತೆ ಅಕ್ಷರದಿಂದ ಶುರುಮಾಡಿ.

ತೋಟದ ಪ್ರಯೋಗ ಅಚ್ಚುಕಟ್ಟಾಗಿ ಆರ್‌ಬಿಡಿ (ಬ್ಲಾಕಿನೊಳಗೆ ಚೀಟಿ ಎತ್ತಿ ಹಂಚುವ) ಮಾದರಿಯಲ್ಲಿದ್ದು, ಒಂದೂ ಪ್ಲಾಟು ಕಳೆದುಹೋಗದೆ, ಸಿಡಿ ಬೆಲೆ (ಎರಡು ಸರಾಸರಿ ಬೇರೆ ಎನ್ನಲು ಬೇಕಾದ ಕನಿಷ್ಠ ವ್ಯತ್ಯಾಸ) ಬೇಕು ಎಂದಷ್ಟೇ ಇದ್ದರೆ ಗೋವಾದ ಐಸಿಎಆರ್ ಸಂಸ್ಥೆಯ ವಾಸ್ಪ್, ಹಿಸಾರ್ ಕೃಷಿ ವಿಶ್ವವಿದ್ಯಾಲಯದ ಆಪ್‌ಸ್ಟ್ಯಾಟ್ ಸಾಕು. ಗಾಳಿಗೆ ಮರ ಬಿದ್ದು ಪ್ಲಾಟು ಹೋದಾಗ, ಒಂದೇ ಮರವನ್ನು ಮೂರು ವರ್ಷ ಅಳೆದಾಗ ಅವುಗಳ ಮಿತಿ ಕಾಣುತ್ತದೆ. ಕಡಲಜೀವಿಗಳ ವೈವಿಧ್ಯ ಸೂಚ್ಯಂಕ, ಕ್ಲಸ್ಟರ್, ಎನ್‌ಎಂಡಿಎಸ್ (ಹೋಲುವ ಸ್ಯಾಂಪಲ್‌ಗಳನ್ನು ಹತ್ತಿರ ಕೂರಿಸುವ) ಚಿತ್ರಕ್ಕೆ ಪಾಸ್ಟ್ ಎಂಬ ಉಚಿತ ತಂತ್ರಾಂಶ ಕೈಗೆ ಬೇಗ ಹತ್ತುತ್ತದೆ. ಪ್ರೈಮರ್ ಎಂಬುದು ಕಡಲ ಪರಿಸರದವರ ಹಳೆಯ ನಂಟು, ಆದರೆ ದುಡ್ಡು ಕೊಟ್ಟು ಕೊಳ್ಳಬೇಕು. ಅದರ ಬ್ರೇ-ಕರ್ಟಿಸ್, ಅನೋಸಿಮ್, ಸಿಂಪರ್ ಎಂಬ ಹೋಲಿಕೆಯ ಲೆಕ್ಕಗಳೆಲ್ಲವೂ ಆರ್‌ನ ವೀಗನ್ ಪ್ಯಾಕೇಜಿನಲ್ಲಿ ಉಚಿತವಾಗಿವೆ. ಗುಂಡಿ ಒತ್ತಿ ಕೆಲಸ ಮಾಡಬೇಕೆನ್ನುವವರಿಗೆ ಎಸ್‌ಪಿಎಸ್‌ಎಸ್‌ಗಿಂತ ಜಾಮೋವಿ ಒಳ್ಳೆಯದು: ಉಚಿತ, ಹಿಂದೆ ಓಡುವುದು ಆರ್, ಬೇಕಾದರೆ ಆ ಕೋಡನ್ನು ತೋರಿಸುತ್ತದೆ.

ಆರು ತಿಂಗಳ ಎಂ.ಎಸ್ಸಿ. ಪ್ರಬಂಧಕ್ಕೆ ಜಾಮೋವಿ ಇಲ್ಲವೇ ಪಾಸ್ಟ್. ಪಿಎಚ್‌.ಡಿ.ಗೆ ಮೊದಲ ದಿನದಿಂದಲೇ ಆರ್. ಕಲಿಯಲು ಎರಡು ಮೂರು ತಿಂಗಳು ತಿಣುಕಬೇಕಾಗುತ್ತದೆ, ನಿಜ. ಆದರೆ ಪರೀಕ್ಷಕರು ‘ಆ ಎರಡು ಸ್ಯಾಂಪಲ್ ಬಿಟ್ಟು ಮತ್ತೊಮ್ಮೆ ಮಾಡಿ’ ಎಂದಾಗ ಗುಂಡಿ ಒತ್ತಿದವರು ಎಲ್ಲವನ್ನೂ ನೆನಪಿನಿಂದ ಮಾಡಬೇಕು, ಸ್ಕ್ರಿಪ್ಟ್ ಬರೆದವರು ಒಂದು ಸಾಲು ಬದಲಿಸಿ ಓಡಿಸುತ್ತಾರೆ. ಪೈಥಾನ್ ಚಿತ್ರ ಗುರುತಿಸುವ ಕೆಲಸಕ್ಕೆ ಮುಂದಿದೆ. ಪರಿಸರ ಮತ್ತು ಜೀನೋಮಿಕ್ಸ್‌ನ ಸಂಖ್ಯಾಶಾಸ್ತ್ರಕ್ಕೆ ವೀಗನ್, ಬಯೋಕಂಡಕ್ಟರ್ ಇರುವುದು ಆರ್‌ನಲ್ಲಿ.

ಡಿಎನ್‌ಎ: ಒಂದೊಂದೇ ಜೀವಿಯೋ, ಇಡೀ ಕೆಸರೋ?

‘ಈ ಬಳಚು ಯಾವ ಜಾತಿ?’ ಎಂಬ ಪ್ರಶ್ನೆಗೆ ಸ್ಯಾಂಗರ್ ವಿಧಾನದ ಬಾರ್‌ಕೋಡಿಂಗ್ (ಒಂದು ಜೀನಿನ ತುಣುಕು ಓದಿ ಜಾತಿ ಗುರುತಿಸುವುದು) ಸಾಕು. ಪ್ರಾಣಿಗಳಲ್ಲಿ ಸಿಓಐ ಜೀನಿನ ಸುಮಾರು 658 ಅಕ್ಷರ. ಆ ತುಣುಕನ್ನು ಹಿಡಿಯಲು 1994ರಿಂದ ಬಳಕೆಯಲ್ಲಿರುವ ಫೋಲ್ಮರ್ ಪ್ರೈಮರ್‌ಗಳು ಎಲ್ಲರ ಫ್ರಿಜ್ಜಿನಲ್ಲೂ ಇರುತ್ತವೆ, ಆದರೆ ಚಿಪ್ಪಿನ ಜೀವಿಗಳಲ್ಲಿ ಹಲವು ಬಾರಿ ಕೈಕೊಡುತ್ತವೆ. ಪಕ್ಕದಲ್ಲಿ ಮೈಟೊಕಾಂಡ್ರಿಯದ 16ಎಸ್ ಪ್ರೈಮರ್ ಇಟ್ಟುಕೊಂಡಿರಿ. ಇನ್ನೊಂದು ವಿಶೇಷ: ಕೆಲವು ಚಿಪ್ಪಿನ ಕುಟುಂಬಗಳಲ್ಲಿ ಗಂಡು ತನ್ನದೇ ಬೇರೆ ಮೈಟೊಕಾಂಡ್ರಿಯವನ್ನು ವೀರ್ಯದ ಮೂಲಕ ಗಂಡುಮಕ್ಕಳಿಗೆ ದಾಟಿಸುತ್ತದೆ. ಜನನಾಂಗದ ಚೂರು ತೆಗೆದರೆ ಒಂದೇ ಜಾತಿ ಎರಡಾಗಿ ಕಾಣಬಹುದು. ಕಾಲಿನ ಸ್ನಾಯುವಿನಿಂದ ಕಡಲೆಕಾಳಿನಷ್ಟು ತೆಗೆದು 95 ಪರ್ಸೆಂಟ್ ಎಥನಾಲಿಗೆ ಹಾಕಿ, ಮರುದಿನ ಎಥನಾಲ್ ಬದಲಿಸಿ. ಮಾಂಸದ ನೀರು ಅದನ್ನು ತೆಳುಮಾಡಿರುತ್ತದೆ. ಫಾರ್ಮಲಿನ್‌ನಲ್ಲಿಟ್ಟ ಹಳೆಯ ಬಾಟಲಿಗಳ ಮೇಲೆ ಆಸೆ ಇಡಬೇಡಿ.

ಸೀಕ್ವೆನ್ಸ್ ಬಂದ ಮೇಲೆ ಮೊದಲ 30–50 ಅಕ್ಷರ ಕತ್ತರಿಸಿ, ಅಲೆಯ ಚಿತ್ರವನ್ನು ಕಣ್ಣಾರೆ ನೋಡಿ, ಪ್ರೋಟೀನಿಗೆ ಅನುವಾದಿಸಿ. ನಡುವೆ ಸ್ಟಾಪ್ (ಪ್ರೋಟೀನು ಮುಗಿಸುವ ಗುರುತು) ಬಂದರೆ ಅದು ನ್ಯೂಕ್ಲಿಯಸ್ಸಿಗೆ ನುಸುಳಿದ ನಕಲು ಇರಬಹುದು. ಇಲ್ಲೊಂದು ಗುಂಡಿ ಇದೆ: ಸಾಮಾನ್ಯ ಕೋಡಿನಲ್ಲಿ ಟಿಜಿಎ ಎಂದರೆ ಸ್ಟಾಪ್, ಅಕಶೇರುಕ ಮೈಟೊಕಾಂಡ್ರಿಯದಲ್ಲಿ ಅದು ಟ್ರಿಪ್ಟೊಫಾನ್. 5ನೇ ಕೋಷ್ಟಕ ಆರಿಸದೆ ಅನುವಾದಿಸಿದವರು ಚೊಕ್ಕ ಸೀಕ್ವೆನ್ಸನ್ನು ಕೆಟ್ಟದ್ದೆಂದು ಎಸೆದುಬಿಡುತ್ತಾರೆ. ಬ್ಲಾಸ್ಟ್‌ನಲ್ಲಿ 99 ಪರ್ಸೆಂಟ್ ಹೊಂದಿತೆಂದು ಮೊದಲ ಹೆಸರನ್ನೇ ಬರೆಯುವುದೂ ಸರಿಯಲ್ಲ. ಅಷ್ಟೇ ಹೊಂದಿಕೆಯಲ್ಲಿ ಇನ್ನೆರಡು ಹೆಸರು ಕೆಳಗಿವೆಯೇ, ಸೀಕ್ವೆನ್ಸಿನ ಎಷ್ಟು ಭಾಗ ಹೊಂದಿದೆ ಎಂದು ನೋಡಿ. ಬ್ಲಾಸ್ಟ್ ಹುಡುಕುವ ಸೀಕ್ವೆನ್ಸ್ ಭಂಡಾರದಲ್ಲಿ ತಪ್ಪು ಹೆಸರಿನವು ಇದ್ದೇ ಇವೆ.

ಕಾಂಡ್ಲಾ ಗಿಡಗಳಿಗೆ ಆರ್‌ಬಿಸಿಎಲ್, ಮ್ಯಾಟ್‌ಕೆ ಎರಡು ಜೀನು ರೂಢಿ. ಇವು ಕ್ಲೋರೊಪ್ಲಾಸ್ಟಿನವು, ತಾಯಿಯಿಂದ ಮಾತ್ರ ಬರುವಂಥವು. ರೈಜೋಫೊರಾ ಎಂಬ ಕಾಂಡ್ಲಾದ ಮಿಶ್ರತಳಿ ಕೈಗೆ ಸಿಕ್ಕರೆ ಅದು ತಾಯಿಯ ಜಾತಿಯೆಂದೇ ಕಾಣುತ್ತದೆ. ಅನುಮಾನವಿದ್ದರೆ ನ್ಯೂಕ್ಲಿಯಸ್ಸಿನ ಐಟಿಎಸ್ ಸೇರಿಸಿ. ಎಲೆ ಒಣಗಿಸಲು ಸಿಲಿಕಾ ಜೆಲ್ ಎಲೆಯ ತೂಕದ ಹತ್ತು ಪಟ್ಟಾದರೂ ಬೇಕು, ಒಂದು ದಿನದೊಳಗೆ ಎಲೆ ಮುರಿದರೆ ಪಟಕ್ಕನೆ ಮುರಿಯಬೇಕು. ಶಿರಸಿಯ ಜುಲೈ ಗಾಳಿಯಲ್ಲಿ ಡಬ್ಬಿ ನಾಲ್ಕು ಸಲ ತೆರೆದರೆ ಜೆಲ್ಲೇ ಬಣ್ಣ ತಿರುಗುತ್ತದೆ. ಒಲೆಯ ಮೇಲಿನ ಬಾಣಲೆಯಲ್ಲಿ ಹುರಿದು ಮತ್ತೆ ಬಳಸಬಹುದು. ಕಾಂಡ್ಲಾ ಎಲೆಯಲ್ಲಿ ಒಗರು, ಲೋಳೆ ಎರಡೂ ಹೆಚ್ಚು. ಡಿಎನ್‌ಎ ತೆಗೆಯುವ ಸಿಟಿಎಬಿ ದ್ರಾವಣಕ್ಕೆ ಒಗರು ಹಿಡಿಯುವ ಪಿವಿಪಿ ಸೇರಿಸದಿದ್ದರೆ ಕೊನೆಗೆ ಕಂದು ಬಣ್ಣದ ಡಿಎನ್‌ಎ ಬರುತ್ತದೆ, ಅದರಲ್ಲಿ ಪಿಸಿಆರ್ (ಡಿಎನ್‌ಎ ನಕಲು ಹೆಚ್ಚಿಸುವ ಕ್ರಿಯೆ) ನಡೆಯುವುದಿಲ್ಲ.

‘ಈ ಕೆಸರಿನಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಇವೆ?’ ಎಂದರೆ ಬ್ಯಾಕ್ಟೀರಿಯಾಗಳ 16ಎಸ್ ಜೀನೊಂದನ್ನೇ ಓದುವ 16ಎಸ್ ಮೆಟಾಬಾರ್‌ಕೋಡಿಂಗ್. ಅವು ಮಾಡುವ ಕೆಲಸದ ಜೀನುಗಳೇ ಬೇಕೆಂದರೆ ಎಲ್ಲ ಡಿಎನ್‌ಎಯನ್ನೂ ಓದುವ ಶಾಟ್‌ಗನ್. ಶಾಟ್‌ಗನ್‌ಗೆ ಸ್ಯಾಂಪಲ್ಲಿಗೆ ಬೀಳುವ ಖರ್ಚು ಹಲವು ಪಟ್ಟು. ಬೇರಿನ ಚೂರಿನಿಂದ ಮಾಡಿಸಿದರೆ ಬಹುಪಾಲು ದುಡ್ಡು ಗಿಡದ ಡಿಎನ್‌ಎ ಓದಲು ಹೋಗುತ್ತದೆ. ಪ್ರಶ್ನೆ ‘ಎಲ್ಲಿ ಏನಿದೆ’ ಎಂಬುದಾದರೆ ಶಾಟ್‌ಗನ್‌ನ ಆರು ಸ್ಯಾಂಪಲ್‌ಗಿಂತ 16ಎಸ್‌ನ ಇಪ್ಪತ್ತು ಸ್ಯಾಂಪಲ್ ಲೇಸು.

16ಎಸ್‌ನೊಳಗೂ ಆಯ್ಕೆ ಇದೆ. ವಿ3-ವಿ4 ಭಾಗ, ಎಂದರೆ 341ರಿಂದ 805ರವರೆಗೆ, ಸುಮಾರು 465 ಅಕ್ಷರ. ವಿ4 ಮಾತ್ರ ಆದರೆ 515ರಿಂದ 806, ಸುಮಾರು 292. ಎರಡು ತುದಿಯಿಂದ ಓದಿದ ರೀಡ್‌ಗಳು ನಡುವೆ ಒಂದರ ಮೇಲೊಂದು ಬರಬೇಕು. ಅವನ್ನು ಬೆಸೆಯುವ ಡಾಡಾ2 ಪ್ಯಾಕೇಜು ಕನಿಷ್ಠ 12 ಅಕ್ಷರ ಕೇಳುತ್ತದೆ. ಪ್ರಯೋಗಾಲಯ 250 + 250 ಓದಿ ಕೊಟ್ಟಿದೆ, ಕೊನೆಯ ಗುಣಮಟ್ಟ ಚೆನ್ನಾಗಿಲ್ಲವೆಂದು ನೀವು 240, 210ಕ್ಕೆ ಕತ್ತರಿಸಿದಿರಿ ಎನ್ನಿ. ಕೂಡಿಸಿದರೆ 450. ಬೇಕಾದದ್ದು 465. ಬೆಸುಗೆಗೆ ಜಾಗವೇ ಇಲ್ಲ, ಬಹುತೇಕ ರೀಡ್‌ಗಳು ಆ ಹಂತದಲ್ಲಿ ಮಾಯವಾಗುತ್ತವೆ, ಉಳಿದ ಕೆಲವೇ ವಿಚಿತ್ರ ತುಣುಕುಗಳಿಂದ ಚಿತ್ರ ಬರೆದು ಕೂರುತ್ತೀರಿ. 300 + 300 ಸಿಕ್ಕರೆ 280, 220ಕ್ಕೆ ಕತ್ತರಿಸಿ. 500 ಆಗುತ್ತದೆ, 35 ಅಕ್ಷರದ ಹೊಂದಿಕೆ ಉಳಿಯುತ್ತದೆ. 250 + 250 ಮಾತ್ರ ಲಭ್ಯವೆಂದರೆ ವಿ4 ಆರಿಸಿ, ನೆಮ್ಮದಿ. ಪ್ರೈಮರಿನ ಅಕ್ಷರಗಳನ್ನು (341ರ ಕಡೆ 17, 805ರ ಕಡೆ 21) ಮುಂಭಾಗದಿಂದ ತೆಗೆಯಲು ಮರೆಯಬೇಡಿ.

97 ಪರ್ಸೆಂಟ್ ಹೋಲುವ ಸೀಕ್ವೆನ್ಸುಗಳನ್ನು ಒಂದೆನ್ನುವ ಓಟಿಯು ಗುಂಪೋ, ಒಂದಕ್ಷರ ಬೇರೆಯಾದರೂ ಬೇರೆ ಎಣಿಸಿ ಡಾಡಾ2 ಕೊಡುವ ಎಎಸ್‌ವಿಯೋ ಎಂದರೆ ಎಎಸ್‌ವಿ. ಅದೇ ಪ್ರೈಮರ್ ಬಳಸಿದ ಬೇರೆ ಅಳಿವೆಯ ಕೆಲಸದೊಂದಿಗೆ ನೇರ ಹೋಲಿಸಬಹುದು. ಆದರೆ ಡಾಡಾ2 ಒಂದೇ ಒಂದು ಸಲ ಕಂಡದ್ದನ್ನು ಸಾಮಾನ್ಯವಾಗಿ ಕೈಬಿಡುತ್ತದೆ, ಒಟ್ಟು ಜಾತಿ ಎಷ್ಟಿರಬಹುದು ಎಂದು ಅಂದಾಜಿಸುವ ಚಾವೋ1 ಸೂಚ್ಯಂಕ ನಿಂತಿರುವುದೇ ಅವುಗಳ ಮೇಲೆ. ಎರಡನ್ನೂ ಜೊತೆಗೆ ಬಳಸಿದ ಪ್ರಬಂಧದ ಚಾವೋ1ಕ್ಕೆ ಅರ್ಥವಿಲ್ಲ, ಶಾನನ್ ಸೂಚ್ಯಂಕ ಬಳಸಿ. ಬೇರಿನ ಸ್ಯಾಂಪಲ್ಲುಗಳಲ್ಲಿ ಕ್ಲೋರೊಪ್ಲಾಸ್ಟ್, ಮೈಟೊಕಾಂಡ್ರಿಯ ಎಂದು ಬಂದ ಸಾಲುಗಳನ್ನು ಮೊದಲೇ ತೆಗೆದುಹಾಕಿ.

ಶಿರಸಿ, ಸಿದ್ದಾಪುರದ ತೋಟದ ಮಣ್ಣಿನಲ್ಲಿ ಕೊಳೆರೋಗದ ಜೀವಿ ಹುಡುಕುವವರಿಗೆ ಒಂದು ಮಾತು ಒತ್ತಿ ಹೇಳಬೇಕು. ಕೊಳೆಗೆ ಕಾರಣವಾದ ಫೈಟಾಫ್ತೊರಾವನ್ನು ಊರಿನಲ್ಲಿ ಶಿಲೀಂಧ್ರ ಎಂದರೂ ಅದು ನಿಜವಾದ ಶಿಲೀಂಧ್ರವಲ್ಲ, ಊಮೈಸೀಟ್. ಶಿಲೀಂಧ್ರಕ್ಕೆಂದು ರೂಪಿಸಿದ ಐಟಿಎಸ್1ಎಫ್ ಪ್ರೈಮರ್ ಹಾಕಿದರೆ ಅದು ಬಲೆಗೆ ಬೀಳದೇ ಹೋಗಬಹುದು. ಆಗ ವರದಿಯಲ್ಲಿ ‘ಫೈಟಾಫ್ತೊರಾ ಕಂಡುಬಂದಿಲ್ಲ’ ಎಂದು ಬರುತ್ತದೆ, ತೋಟದಲ್ಲಿ ಕಾಯಿ ಉದುರುತ್ತಲೇ ಇರುತ್ತದೆ. ಊಮೈಸೀಟ್‌ಗಳಿಗೆ ಬಳಸುವ ಐಟಿಎಸ್6–ಐಟಿಎಸ್7 ಜೋಡಿಯನ್ನು ಬೇರೆಯಾಗಿ ಓಡಿಸಿ. ಐಟಿಎಸ್ ಭಾಗದ ಉದ್ದ ಜಾತಿಯಿಂದ ಜಾತಿಗೆ ಬದಲಾಗುವುದರಿಂದ ಎಲ್ಲ ರೀಡನ್ನೂ ಒಂದೇ ಉದ್ದಕ್ಕೆ ಕತ್ತರಿಸುವ ಹಂತವನ್ನು ಇಲ್ಲಿ ಬಿಟ್ಟುಬಿಡಬೇಕು.

ಆರ್‌ಎನ್‌ಎ ಸೀಕ್ವೆನ್ಸಿಂಗ್ (ಯಾವ ಜೀನು ಎಷ್ಟು ಚುರುಕಾಗಿದೆ ಎಂದು ನೋಡುವುದು) ಬಗ್ಗೆ ಚಿಕ್ಕದಾಗಿ: ಲೆಕ್ಕಕ್ಕೆ ಡೀಸೀಕ್2, ಎಡ್ಜ್‌ಆರ್, ಲಿಮ್ಮಾ-ವೂಮ್ ಮೂರೂ ಒಳ್ಳೆಯವೇ, ಯಾವುದಕ್ಕೂ ಜಗಳ ಬೇಡ. ಜಗಳವಾಡಬೇಕಾದದ್ದು ಗುಂಪಿಗೆ ಎಷ್ಟು ಗಿಡ ಎಂಬುದಕ್ಕೆ. 2016ರಲ್ಲಿ ಯೀಸ್ಟಿನ 48 ರೆಪ್ಲಿಕೇಟ್ ಇಟ್ಟು ಮಾಡಿದ ಅಧ್ಯಯನ ಗುಂಪಿಗೆ ಕನಿಷ್ಠ 6 ಇರಲಿ ಎಂದಿತು. ನಮ್ಮಲ್ಲಿ ಬಹುತೇಕರು 3ರಲ್ಲಿ ನಿಲ್ಲುತ್ತಾರೆ, ಕೆಲವರು ಮೂರು ಗಿಡದ ಆರ್‌ಎನ್‌ಎ ಒಂದೇ ಕೊಳವೆಗೆ ಸುರಿದು ಒಂದು ಮಾಡುತ್ತಾರೆ. ಹಾಗೆ ಸುರಿದರೆ ಗಿಡದಿಂದ ಗಿಡಕ್ಕೆ ಇರುವ ವ್ಯತ್ಯಾಸ ಶಾಶ್ವತವಾಗಿ ಹೋಯಿತು. ಸ್ಯಾಂಪಲ್ಲಿಗೆ 4 ಕೋಟಿ ರೀಡ್ ಬದಲು 2 ಕೋಟಿ ಕೇಳಿ, ಉಳಿದ ದುಡ್ಡಿಗೆ ಗಿಡ ಸೇರಿಸಿ. 20,000 ಜೀನು ನೋಡಿದರೆ ಏನೂ ಇಲ್ಲದಿದ್ದರೂ ಪಿ-ಮೌಲ್ಯ (ಬರಿ ಆಕಸ್ಮಿಕದಿಂದ ಅಷ್ಟು ವ್ಯತ್ಯಾಸ ಬರುವ ಸಾಧ್ಯತೆ) 0.05ರ ಕೆಳಗಿರುವ ಸುಮಾರು ಸಾವಿರ ಜೀನು ಬಂದೇ ಬರುತ್ತವೆ, ಆದ್ದರಿಂದ ಬೆಂಜಮಿನಿ-ಹಾಕ್‌ಬರ್ಗ್ ತಿದ್ದಿದ ಕಾಲಮ್ಮನ್ನೇ ನೋಡಬೇಕು.

ಲ್ಯಾಪ್‌ಟಾಪೋ, ಗ್ಯಾಲಕ್ಸಿಯೋ?

24 ಸ್ಯಾಂಪಲ್‌ನ 16ಎಸ್ ದತ್ತಾಂಶ ಒಂದೆರಡು ಜಿಬಿ. 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿನಲ್ಲೇ ಡಾಡಾ2 ಮುಗಿಯುತ್ತದೆ. ಆರ್‌ಎನ್‌ಎ ಆದರೆ 12 ಸ್ಯಾಂಪಲ್‌ಗೆ 40 ಜಿಬಿ ಆಗಬಹುದು. ರೀಡನ್ನು ಜೀನೋಮಿಗೆ ಹೊಂದಿಸುವ ಸ್ಟಾರ್ ಎಂಬ ಅಲೈನರ್ ಮನುಷ್ಯನಷ್ಟು ದೊಡ್ಡ ಜೀನೋಮಿಗೆ 30 ಜಿಬಿ ರ‍್ಯಾಮ್ ಬೇಡುತ್ತದೆ. ಅದರ ಜಾಗದಲ್ಲಿ ಸಾಲ್ಮನ್ ಬಳಸಿದರೆ ಕೆಲವೇ ಜಿಬಿ ಸಾಕು. ಜೀನೋಮೇ ಇಲ್ಲದ ಗಿಡಕ್ಕೆ ಟ್ರಿನಿಟಿಯಲ್ಲಿ ಜೋಡಿಸುವುದಾದರೆ ಹತ್ತು ಲಕ್ಷ ರೀಡ್ ಜೋಡಿಗೆ ಒಂದು ಜಿಬಿ ರ‍್ಯಾಮ್ ಎಂದು ಲೆಕ್ಕ ಇಟ್ಟುಕೊಳ್ಳಿ. ಅದು ಲ್ಯಾಪ್‌ಟಾಪಿನ ಕೆಲಸವಲ್ಲ, ಉಚಿತವಾದ ಗ್ಯಾಲಕ್ಸಿ ಸರ್ವರಿಗೆ ಕಳಿಸಿ. ಕಳಿಸಲು ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ಸಿಕ್ಕರೂ 40 ಜಿಬಿಗೆ ಒಂಬತ್ತು ತಾಸು. ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡೂ ಹೋಗಿ ಬರುವ ಊರಿನಲ್ಲಿ ಕಡಿದಲ್ಲಿಂದ ಮುಂದುವರಿಯುವಂತೆ ಕಳಿಸಿ. ಎರಡೂ ತುದಿಯಲ್ಲಿ ಎಂಡಿ5 ಸಂಖ್ಯೆ (ಕಡತದ ಬೆರಳಚ್ಚು) ತಾಳೆ ನೋಡದೆ ಮೂಲ ಕಡತ ಅಳಿಸಬೇಡಿ. ಪ್ರಬಂಧ ಕಳಿಸುವ ಮೊದಲು ಮೂಲ ಸೀಕ್ವೆನ್ಸುಗಳನ್ನು ಫರೀದಾಬಾದಿನಲ್ಲಿ 2022ರಲ್ಲಿ ಶುರುವಾದ ಭಾರತೀಯ ಜೈವಿಕ ದತ್ತಾಂಶ ಕೇಂದ್ರಕ್ಕೆ ಒಪ್ಪಿಸಬಹುದು.

24 ಕೊಳವೆಗಳ ಹಂಚಿಕೆ

ಕೊನೆಯ ಹೋಲಿಕೆ ನಿಜವಾದ ಖರ್ಚಿನದು. ಕಾಳಿಯಲ್ಲಿ ಕಾಂಡ್ಲಾ ಬೇರಿನಡಿಯ ಕೆಸರು, ಅದರ ಪಕ್ಕದ ಬರಿ ಕೆಸರು ಇವೆರಡರ ಬ್ಯಾಕ್ಟೀರಿಯಾ ಬೇರೆಯೇ ಎಂಬುದು ಪ್ರಶ್ನೆ, 24 ಸ್ಯಾಂಪಲ್‌ಗೆ ದುಡ್ಡಿದೆ. ಪರ್ಮನೋವಾ ಎಂಬ ಪರೀಕ್ಷೆ ಗುಂಪಿನ ಹೆಸರುಗಳನ್ನು ಕಲಸಿ ಕಲಸಿ ನೋಡುತ್ತದೆ, ಹಾಗಾಗಿ ಎಷ್ಟು ಬಗೆಯಲ್ಲಿ ಕಲಸಬಹುದೋ ಅಷ್ಟರಲ್ಲಿ ಒಂದು ಪಾಲಿಗಿಂತ ಸಣ್ಣ ಪಿ-ಮೌಲ್ಯ ಬರಲಾರದು. ಮೂರಕ್ಕೆ ಮೂರು ಸ್ಯಾಂಪಲ್ ಇದ್ದರೆ 20 ಬಗೆ, ಅದರಲ್ಲಿ ಎರಡೆರಡು ಒಂದೇ. ಅತಿ ಕಡಿಮೆ ಪಿ 0.1. ವ್ಯತ್ಯಾಸ ಬೆಟ್ಟದಷ್ಟಿದ್ದರೂ 0.05 ಮುಟ್ಟುವುದಿಲ್ಲ.

ಸುಂಕೇರಿಯಿಂದ ಕಿನ್ನರದವರೆಗೆ 5 ಜಾಗ, ಪ್ರತಿಯೊಂದರಲ್ಲಿ ಎರಡೂ ಬಗೆಯ ಕೆಸರು, ಒಂದೊಂದರಿಂದ ಎರಡು ಕೊಳವೆ ಎಂದರೆ 20. ಕೇಳಲು ಚೆನ್ನಾಗಿದೆ. ಆದರೆ ಒಂದೇ ಕೆಸರಿನ ಎರಡು ಕೊಳವೆ ಒಂದಕ್ಕೊಂದು ಅಂಟಿಕೊಂಡವು. ಸರಿಯಾಗಿ ಕಲಸುವುದೆಂದರೆ ಜಾಗದೊಳಗೆ ಕಾಂಡ್ಲಾ-ಬರಿಕೆಸರು ಹೆಸರನ್ನು ಅದಲುಬದಲು ಮಾಡುವುದು: ಐದು ಜಾಗಕ್ಕೆ 32 ಬಗೆ, ಇಲ್ಲೂ ಎರಡೆರಡು ಒಂದೇ, ಕನಿಷ್ಠ ಪಿ 0.0625. ಮತ್ತೆ ಗೆರೆಯ ಆಚೆಗೇ. ಅದೇ 20 ಕೊಳವೆಗಳನ್ನು 10 ಜಾಗಕ್ಕೆ ಹಂಚಿ, ಪ್ರತಿ ಬಗೆಯಿಂದ ಮೂರು ಕಡೆ ಗೋರಿದ ಕೆಸರನ್ನು ಕಲಸಿ ಒಂದೇ ಕೊಳವೆ ತುಂಬಿದರೆ 1,024 ಬಗೆ, ಕನಿಷ್ಠ ಪಿ ಸುಮಾರು 0.002. ಇಲ್ಲಿ ಕಲಸುವುದು ತಪ್ಪಲ್ಲ, ಏಕೆಂದರೆ ಲೆಕ್ಕದ ಘಟಕ ಜಾಗವೇ ಹೊರತು ಗೋರಿಕೆ ಅಲ್ಲ. ಪಿ ಬಂದ ಮೇಲೂ ಒಮ್ಮೆ ಗುಂಪುಗಳ ಚದುರುವಿಕೆ ಹೋಲಿಸುವ ಬೀಟಾಡಿಸ್ಪರ್ ಓಡಿಸಿ. ಒಂದು ಗುಂಪು ಚದುರಿಕೊಂಡಿದ್ದರೂ ಪರ್ಮನೋವಾ ಅದನ್ನು ವ್ಯತ್ಯಾಸ ಎನ್ನಬಹುದು.

ಉಳಿದ ನಾಲ್ಕು ಕೊಳವೆಗಳಲ್ಲಿ ಎರಡು ಕೆಸರೇ ಹಾಕದೆ ಕಿಟ್ಟಿನ ದ್ರಾವಣ ಮಾತ್ರ ಓಡಿಸಿದ ಖಾಲಿ, ಒಂದು ದೋಣಿಯಲ್ಲಿ ಮುಚ್ಚಳ ತೆರೆದು ಮುಚ್ಚಿದ ಖಾಲಿ, ಒಂದು ಏನಿದೆ ಎಂದು ಮೊದಲೇ ಗೊತ್ತಿರುವ ಬ್ಯಾಕ್ಟೀರಿಯಾಗಳ ಮಿಶ್ರಣ. ಖಾಲಿಯಲ್ಲೂ ಬ್ಯಾಕ್ಟೀರಿಯಾ ಬರುತ್ತದೆ, ಕಿಟ್ಟಿನಿಂದ, ಕೈಯಿಂದ. ಅದನ್ನು ಪಟ್ಟಿ ಮಾಡಿ ಕೆಸರಿನ ಲೆಕ್ಕದಿಂದ ಕಳೆಯಲು ಡಿಕಂಟ್ಯಾಮ್ ಪ್ಯಾಕೇಜಿದೆ, ಖಾಲಿ ಓಡಿಸದಿದ್ದರೆ ಖಾಲಿಯ ಜೊತೆ ಹೋಲಿಸುವ ಅದರ ವಿಧಾನಕ್ಕೆ ಕೊಡಲು ಏನೂ ಇರುವುದಿಲ್ಲ. ಕಾಂಡ್ಲಾ ಇರುವಲ್ಲಿಗೆ ಇಳಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿರಲಿ. ಕೊಳವೆಯ ಗುರುತನ್ನು ದಪ್ಪ ಕಾಗದದ ಚೂರಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ಚೀಲದೊಳಗೂ ಒಂದು ಹಾಕಿ. ಪಕ್ಕದ ಬಾಟಲಿಯ ಎಥನಾಲ್ ಒಂದು ಹನಿ ಸೋರಿದರೂ ಮಾರ್ಕರಿನ ಶಾಯಿ ತೊಳೆದುಹೋಗುತ್ತದೆ.